ಚುನಾವಣಾ ಫಲಿತಾಂಶವನ್ನು ಕೋರ್ಟ್‌ನಲ್ಲಿ ಪ್ರಶ್ನಿಸುವುದು ಹೇಗೆ: ಕಲಬುರಗಿ, ಬೀದರ್, ಯಾದಗಿರಿಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಮತ ಎಣಿಕೆ ಮುಗಿದ ಮರುದಿನದಿಂದ ಕಲಬುರಗಿಯ ವಕೀಲರ ಫೋನ್‌ಗಳಿಗೆ ಪುರುಸೊತ್ತು ಇರುವುದಿಲ್ಲ. ಅಫಜಲಪುರದಿಂದ ಔರಾದ್‌ವರೆಗೆ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಅವನ್ನು ಕೇಳಿದ ಧಾಟಿಯಲ್ಲೇ ಇಲ್ಲಿ ಇಟ್ಟು ಉತ್ತರ ಬರೆದಿದ್ದೇವೆ. ಮುಖ್ಯವಾಗಿ ವಿಧಾನಸಭೆ ಮತ್ತು ಲೋಕಸಭೆಯ ವಿಷಯ. ಪಂಚಾಯಿತಿ, ಪಾಲಿಕೆಗಳದ್ದು ಕೊನೆಯಲ್ಲಿದೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇವೆ: ಇಂಥ ಅರ್ಜಿಗಳಲ್ಲಿ ಬಹಳಷ್ಟು ಬಿದ್ದುಹೋಗುವುದು ಅನ್ಯಾಯ ಆಗಿಲ್ಲವೆಂದಲ್ಲ, ದಿನ ತಪ್ಪಿ, ಸಹಿ ತಪ್ಪಿ, ವಿವರ ಸಾಲದೆ.

“ಫಲಿತಾಂಶ ಒಪ್ಪಿಗಿಲ್ರಿ. ಡಿಸಿ ಆಫೀಸಿಗೆ ಅರ್ಜಿ ಕೊಟ್ರ ನಡೀತದೇನು?”

ನಡೆಯುವುದಿಲ್ಲ. ಚುನಾವಣಾಧಿಕಾರಿ ಒಮ್ಮೆ ಫಲಿತಾಂಶ ಘೋಷಿಸಿದರೆ ಅದನ್ನು ತಿದ್ದುವ ಅಧಿಕಾರ ಅವರಿಗೂ ಇಲ್ಲ, ಜಿಲ್ಲಾಧಿಕಾರಿಗೂ ಇಲ್ಲ, ಚುನಾವಣಾ ಆಯೋಗಕ್ಕೂ ಇಲ್ಲ. ಸಂವಿಧಾನದ 329(ಬಿ) ವಿಧಿ ಇರುವುದು ಒಂದೇ ದಾರಿ ಎನ್ನುತ್ತದೆ: ಚುನಾವಣಾ ತಕರಾರು ಅರ್ಜಿ. ವಿಧಾನಸಭೆಗಾಗಲಿ ಲೋಕಸಭೆಗಾಗಲಿ ಅದು ಹೈಕೋರ್ಟ್‌ಗೇ ಹೋಗಬೇಕು. ಜನಪ್ರಾತಿನಿಧ್ಯ ಕಾಯ್ದೆ 1951ರ 80 ಮತ್ತು 80ಎ ಕಲಂಗಳು ಹೇಳುವುದು ಇದನ್ನೇ. ಸಾಮಾನ್ಯವಾಗಿ ಒಬ್ಬರೇ ನ್ಯಾಯಮೂರ್ತಿ ವಿಚಾರಣೆ ನಡೆಸುತ್ತಾರೆ.

ರಿಟ್ (ಅಧಿಕಾರಿಗಳ ಕ್ರಮ ಪ್ರಶ್ನಿಸಿ ನೇರ ಹೈಕೋರ್ಟ್‌ಗೆ ಹಾಕುವ ಅರ್ಜಿ) ಹಾಕಿ ಅಡ್ಡದಾರಿಯಿಂದ ಬರುತ್ತೇನೆ ಅಂದರೂ ಆಗದು. 1952ರಲ್ಲೇ ಪೊನ್ನುಸ್ವಾಮಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆ ಬಾಗಿಲು ಮುಚ್ಚಿದೆ. ಅಲ್ಲಿ ನಾಮಪತ್ರ ತಿರಸ್ಕೃತವಾದವರು ಚುನಾವಣೆಯ ನಡುವೆಯೇ ಕೋರ್ಟ್‌ಗೆ ಹೋಗಿದ್ದರು. ಎಲ್ಲ ಮುಗಿದ ಮೇಲೆ ತಕರಾರು ಅರ್ಜಿ ಹಾಕಿ ಎಂದು ಕೋರ್ಟ್ ಹೇಳಿತು.

ನಮ್ಮ ಭಾಗದವರಿಗೆ ಒಂದು ಅನುಕೂಲ ಇದೆ. ಕಲಬುರಗಿಯಲ್ಲಿ ಹೈಕೋರ್ಟ್ ಸಂಚಾರಿ ಪೀಠ 2008ರ ಜುಲೈನಲ್ಲಿ ಶುರುವಾಯಿತು, 2013ರ ಆಗಸ್ಟ್ 31ರಂದು ಕಾಯಂ ಪೀಠವಾಯಿತು. ಕಲಬುರಗಿ, ಬೀದರ್, ಯಾದಗಿರಿ, ರಾಯಚೂರು, ವಿಜಯಪುರ ಜಿಲ್ಲೆಗಳು ಅದರ ವ್ಯಾಪ್ತಿಗೆ ಬರುತ್ತವೆ. ಹಾಗಿದ್ದರೂ ಅರ್ಜಿಯನ್ನು ಯಾವ ಕೌಂಟರ್‌ನಲ್ಲಿ, ಎಷ್ಟು ಗಂಟೆಯೊಳಗೆ ಕೊಡಬೇಕು ಎನ್ನುವುದನ್ನು ಕೊನೆಯ ವಾರಕ್ಕೆ ಬಿಡದೆ ನಿಮ್ಮ ವಕೀಲರಿಂದ ಹೈಕೋರ್ಟ್ ಕಚೇರಿಯಾದ ರಿಜಿಸ್ಟ್ರಿಯಲ್ಲಿ ಮೊದಲೇ ವಿಚಾರಿಸಿ ಇಟ್ಟುಕೊಳ್ಳಿ.

“ಎಷ್ಟು ದಿನ ಟೈಮ್ ಅದ?”

ಫಲಿತಾಂಶ ಘೋಷಣೆಯಾದ ದಿನದಿಂದ 45 ದಿನ. ಮತದಾನದ ದಿನದಿಂದ ಅಲ್ಲ, ಪ್ರಮಾಣವಚನದ ದಿನದಿಂದಲೂ ಅಲ್ಲ. ಗೆದ್ದವರನ್ನು ಚುನಾವಣಾಧಿಕಾರಿ ಘೋಷಿಸಿದ ದಿನವೇ ಚುನಾವಣೆಯ ದಿನ ಎಂದು 67ಎ ಕಲಂ ಹೇಳುತ್ತದೆ. 2023ರ ವಿಧಾನಸಭೆ ಎಣಿಕೆ ಮೇ 13ರಂದು ನಡೆಯಿತು. ಕೊನೆಯ ದಿನ ಜೂನ್ 27. 2024ರ ಲೋಕಸಭೆ ಎಣಿಕೆ ಜೂನ್ 4ರಂದು. ಕೊನೆಯ ದಿನ ಜುಲೈ 19.

ಸಾಮಾನ್ಯ ಸಿವಿಲ್ ದಾವೆಯಲ್ಲಿ ತಡವಾದರೆ ಜ್ವರ ಬಂದಿತ್ತು, ಊರಲ್ಲಿ ಇರಲಿಲ್ಲ ಎಂದು ಕಾರಣ ಕೊಟ್ಟು ವಿಳಂಬ ಮನ್ನಾ ಕೇಳಬಹುದು. ಇಲ್ಲಿ ಆ ಸೌಲಭ್ಯ ಇಲ್ಲ. ಕಾಲಮಿತಿ ಕಾಯ್ದೆಯ 5ನೇ ಕಲಂ ಚುನಾವಣಾ ಅರ್ಜಿಗೆ ಅನ್ವಯಿಸದು ಎಂದು 1974ರಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿದೆ. 46ನೇ ದಿನ ಬಂದ ಅರ್ಜಿಯಲ್ಲಿ ಎಷ್ಟೇ ಹುರುಳಿದ್ದರೂ ವಜಾ ಮಾಡದೆ ಹೈಕೋರ್ಟ್‌ಗೆ ಬೇರೆ ದಾರಿಯಿಲ್ಲ. ಕೊನೆಯ ದಿನ ಕೋರ್ಟ್‌ಗೆ ರಜೆ ಇದ್ದರೆ ಮಾತ್ರ ಮರುದಿನ ಕೋರ್ಟ್ ತೆರೆದಾಗ ಕೊಡಬಹುದು. ಇದನ್ನು ನಂಬಿಕೊಂಡು ಲೆಕ್ಕ ಹಾಕಬೇಡಿ. ನಮ್ಮಲ್ಲಿ ಫಲಿತಾಂಶ ಬರುವುದು ಹೆಚ್ಚಾಗಿ ಮೇ ತಿಂಗಳ ಸುತ್ತಮುತ್ತ, ಹೈಕೋರ್ಟ್ ಬೇಸಿಗೆ ರಜೆಯ ಹೊತ್ತಿಗೆ. ರಜೆ ಮುಗಿಯಲಿ ನೋಡೋಣ ಅಂದುಕೊಂಡವರಿಗೆ ಅರ್ಧ ಅವಧಿ ಅಲ್ಲೇ ಕರಗಿರುತ್ತದೆ.

“ಯಾರ್ಯಾರು ಹಾಕಬಹುದು? ಅಭ್ಯರ್ಥಿನೇ ಆಗಬೇಕಾ?”

ಆಗಬೇಕಿಲ್ಲ. ಆ ಚುನಾವಣೆಯ ಯಾವ ಅಭ್ಯರ್ಥಿಯಾದರೂ ಹಾಕಬಹುದು, ಠೇವಣಿ ಕಳೆದುಕೊಂಡವರೂ ಕೂಡ. ನಾಮಪತ್ರ ಅನ್ಯಾಯವಾಗಿ ತಿರಸ್ಕೃತವಾಯಿತು ಎನ್ನುವವರೂ ಅಭ್ಯರ್ಥಿಯ ಲೆಕ್ಕಕ್ಕೇ ಬರುತ್ತಾರೆ. ಆ ಕ್ಷೇತ್ರದ ಮತದಾರರೂ ಹಾಕಬಹುದು. ಅವರು ಮತ ಹಾಕಿದ್ದರೋ ಬಿಟ್ಟಿದ್ದರೋ ಎನ್ನುವುದು ಮುಖ್ಯವಲ್ಲ. ಹಾಸನ ಲೋಕಸಭೆಯಿಂದ 2019ರಲ್ಲಿ ಗೆದ್ದ ಪ್ರಜ್ವಲ್ ರೇವಣ್ಣ ಅವರ ಆಯ್ಕೆ ಪ್ರಶ್ನಿಸಿದ ಪ್ರಕರಣದಲ್ಲಿ ಸೋತ ಅಭ್ಯರ್ಥಿ ಎ. ಮಂಜು ಒಂದು ಅರ್ಜಿ ಹಾಕಿದ್ದರೆ, ಮತದಾರರೊಬ್ಬರು ಇನ್ನೊಂದು ಹಾಕಿದ್ದರು. ಆದರೆ ಆಳಂದದ ಮತದಾರ ಸೇಡಂ ಫಲಿತಾಂಶವನ್ನು ಪ್ರಶ್ನಿಸಲಾಗದು. ಪಕ್ಷದ ಜಿಲ್ಲಾಧ್ಯಕ್ಷರು ಎಂಬ ಹೆಸರಿನಲ್ಲೂ ಹಾಕಲಾಗದು.

“ವಕೀಲರು ಹಾಕ್ತಾರಲ್ಲ, ನಾನು ಯಾಕ ಬರಬೇಕು?”

ಬರಲೇಬೇಕು. 2008ರ ಚುನಾವಣೆಯ ನಂತರ ಕರ್ನಾಟಕದಿಂದಲೇ ಹೋದ ಜಿ.ವಿ. ಶ್ರೀರಾಮರೆಡ್ಡಿ ಪ್ರಕರಣದಲ್ಲಿ ಅರ್ಜಿಯನ್ನು ವಕೀಲರು ಸಲ್ಲಿಸಿದ್ದರು, ಅರ್ಜಿದಾರರು ಜೊತೆಯಲ್ಲಿ ಇರಲಿಲ್ಲ. ಹೈಕೋರ್ಟ್ ಅಷ್ಟಕ್ಕೇ ಅರ್ಜಿ ವಜಾ ಮಾಡಿತು, 2009ರಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಗೆದ್ದವರ ನೆಮ್ಮದಿ ಕೆಡಿಸುವ ಅರ್ಜಿಯ ಹಿಂದೆ ನಿಜವಾದ ಮನುಷ್ಯ ಇದ್ದಾನೆಯೇ ಎಂದು ಕಾನೂನು ನೋಡುತ್ತದೆ. ಅಂದು ಮದುವೆ, ಮುಂಜಿ ಏನೇ ಇರಲಿ, ಗುರುತಿನ ಚೀಟಿ ಹಿಡಿದು ರಿಜಿಸ್ಟ್ರಿಯ ಮುಂದೆ ನೀವೇ ನಿಲ್ಲಬೇಕು.

“ಖರ್ಚು ಎಷ್ಟು ಬರ್ತದ?”

117ನೇ ಕಲಂ ಪ್ರಕಾರ ಖರ್ಚಿನ ಭದ್ರತೆಗೆ 2,000 ರೂಪಾಯಿ ಹೈಕೋರ್ಟ್‌ನಲ್ಲಿ ಠೇವಣಿ ಇಡಬೇಕು. ಚಿಕ್ಕ ಮೊತ್ತ, ಅರ್ಜಿಯ ಜೊತೆಗೇ ಕಟ್ಟದಿದ್ದರೆ ಮಾತ್ರ ಅರ್ಜಿಯೇ ಹೋಗುತ್ತದೆ. ನಿಜವಾದ ಖರ್ಚು ವಕೀಲರ ಶುಲ್ಕ, ದಾಖಲೆಗಳ ದೃಢೀಕೃತ ನಕಲು, ಸಾಕ್ಷಿಗಳನ್ನು ಕರೆತರುವ ಓಡಾಟ. ಅದು ವರ್ಷಗಟ್ಟಲೆ ನಡೆಯುವ ಖರ್ಚು ಎಂದು ತಿಳಿದೇ ಇಳಿಯಿರಿ.

“ಚುನಾವಣಾಧಿಕಾರಿ ಮ್ಯಾಲೆ ಕೇಸ್ ಹಾಕಬೇಕಲ್ಲ?”

ಸಿಟ್ಟು ಅವರ ಮೇಲಿದ್ದರೂ ಎದುರುದಾರರನ್ನಾಗಿ ಮಾಡುವುದು ಅವರನ್ನಲ್ಲ. ಯಾರನ್ನು ಸೇರಿಸಬೇಕು ಎಂದು 82ನೇ ಕಲಂ ಹೇಳುತ್ತದೆ. ಗೆದ್ದವರ ಆಯ್ಕೆ ರದ್ದಾದರೆ ಸಾಕು ಎನ್ನುವುದಾದರೆ ಗೆದ್ದವರನ್ನು ಸೇರಿಸಿ. ಅವರದ್ದು ರದ್ದಾಗಿ ನಾನು ಗೆದ್ದೆ ಎಂದೂ ಘೋಷಿಸಬೇಕು ಎನ್ನುವುದಾದರೆ ಕಣದಲ್ಲಿದ್ದ ಎಲ್ಲ ಅಭ್ಯರ್ಥಿಗಳನ್ನೂ ಸೇರಿಸಬೇಕು, ಬೆರಳೆಣಿಕೆಯ ಮತ ಪಡೆದ ಪಕ್ಷೇತರರನ್ನೂ ಬಿಡದೆ. ಬೇರೊಬ್ಬ ಅಭ್ಯರ್ಥಿ ಮೇಲೆ ಭ್ರಷ್ಟ ಆಚರಣೆಯ (ಲಂಚ, ಬೆದರಿಕೆ ಥರದ್ದು, ಮುಂದೆ ವಿವರಿಸಿದ್ದೇವೆ) ಆರೋಪ ಹೊರಿಸಿದ್ದರೆ ಅವರೂ ಇರಬೇಕು. ಚುನಾವಣಾ ಆಯೋಗ, ಚುನಾವಣಾಧಿಕಾರಿ ಇದರಲ್ಲಿ ಪಕ್ಷಗಾರರಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿದೆ.

ಎಷ್ಟು ಎದುರುದಾರರೋ ಅಷ್ಟು ಪ್ರತಿಗಳು ಬೇಕು. ಪ್ರತಿಯೊಂದರ ಮೇಲೂ ಇದು ಮೂಲ ಅರ್ಜಿಯ ನಿಜ ನಕಲು ಎಂದು ಅರ್ಜಿದಾರರೇ ಬರೆದು ಸಹಿ ಮಾಡಬೇಕು. ಈ ಸಾಲು ಚಿಕ್ಕದಾಗಿ ಕಂಡೀತು. 81 (ಅವಧಿ, ಸಲ್ಲಿಕೆ, ಪ್ರತಿಗಳು), 82 (ಎದುರುದಾರರು), 117 (ಠೇವಣಿ) ಈ ಮೂರು ಕಲಂಗಳಲ್ಲಿ ಒಂದು ತಪ್ಪಿದರೂ 86ನೇ ಕಲಂ ಪ್ರಕಾರ ಹೈಕೋರ್ಟ್ ಅರ್ಜಿ ವಜಾ ಮಾಡಲೇಬೇಕು. ದಯೆ ತೋರಿಸಲು ಅಲ್ಲಿ ಜಾಗ ಇಲ್ಲ.

“ಏನೇನು ಕಾರಣಕ್ಕ ಆಯ್ಕೆ ರದ್ದಾಗ್ತದ?”

ಕಾರಣಗಳೆಲ್ಲ 100ನೇ ಕಲಂನಲ್ಲಿವೆ. ಅಲ್ಲಿಲ್ಲದ ಕಾರಣ ಎಷ್ಟೇ ನ್ಯಾಯವಾಗಿ ಕಂಡರೂ ಉಪಯೋಗವಿಲ್ಲ. ಅವನ್ನು ಎರಡು ರಾಶಿ ಮಾಡಿ ನೋಡಿದರೆ ಸುಲಭ.

ಮೊದಲ ರಾಶಿಯಲ್ಲಿ ತಪ್ಪನ್ನು ಸಾಬೀತು ಮಾಡಿದರೆ ಸಾಕು, ಅದರಿಂದ ಫಲಿತಾಂಶ ಬದಲಾಯಿತೇ ಎಂದು ತೋರಿಸಬೇಕಿಲ್ಲ. ಗೆದ್ದವರಿಗೆ ಆಯ್ಕೆಯಾಗುವ ಅರ್ಹತೆಯೇ ಇರಲಿಲ್ಲ ಎನ್ನುವುದು ಒಂದು. ಗೆದ್ದವರು, ಅವರ ಚುನಾವಣಾ ಏಜೆಂಟ್ ಅಥವಾ ಅವರ ಒಪ್ಪಿಗೆಯಿಂದ ಬೇರೊಬ್ಬರು ಭ್ರಷ್ಟ ಆಚರಣೆ ನಡೆಸಿದ್ದಾರೆ ಎನ್ನುವುದು ಇನ್ನೊಂದು. ಯಾರದೋ ನಾಮಪತ್ರವನ್ನು ತಪ್ಪಾಗಿ ತಿರಸ್ಕರಿಸಲಾಗಿದೆ ಎನ್ನುವುದು ಮೂರನೆಯದು.

ಎರಡನೇ ರಾಶಿ ಕಷ್ಟದ್ದು. ಸೇರಬಾರದ ನಾಮಪತ್ರ ಸೇರಿತು, ಎಣಿಸಬಾರದ ಮತ ಎಣಿಸಿದರು, ಎಣಿಸಬೇಕಾದ್ದನ್ನು ಬಿಟ್ಟರು, ಕಾಯ್ದೆ ಅಥವಾ ನಿಯಮ ಮುರಿದರು, ಇವೆಲ್ಲ ಇಲ್ಲಿ ಬರುತ್ತವೆ. ತಪ್ಪು ನಡೆದದ್ದನ್ನು ತೋರಿಸುವುದರ ಜೊತೆಗೆ ಅದರಿಂದಲೇ ಗೆದ್ದವರ ಫಲಿತಾಂಶಕ್ಕೆ ಗಣನೀಯ ಪೆಟ್ಟು ಬಿತ್ತು ಎಂದೂ ತೋರಿಸಬೇಕು. 20 ಸಾವಿರ ಅಂತರದಿಂದ ಸೋತು, 300 ಮತ ತಪ್ಪಾಗಿ ಎಣಿಸಿದ್ದಾರೆ ಎಂದರೆ ಕೋರ್ಟ್ ಕೇಳುವುದು ಒಂದೇ ಮಾತು: ಆದರೇನಾಯಿತು?

“ನಮ್ಮ ಓಣಿಯಾಗ ರಾತ್ರೋರಾತ್ರಿ ರೊಕ್ಕ ಹಂಚ್ಯಾರ. ಊರೇ ಸಾಕ್ಷಿ ಅದ. ಸಾಕಲ್ಲ?”

ಸಾಲದು. ಅತಿ ಹೆಚ್ಚು ಅರ್ಜಿಗಳು ಮುಗ್ಗರಿಸುವುದು ಇಲ್ಲೇ ಆದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇವೆ.

ಲಂಚ, ಬೆದರಿಕೆ, ಜಾತಿ-ಧರ್ಮದ ಹೆಸರಲ್ಲಿ ಮತಯಾಚನೆ, ಎದುರಾಳಿಯ ನಡತೆ ಬಗ್ಗೆ ಸುಳ್ಳು ಪ್ರಚಾರ, ಮತದಾರರನ್ನು ಬಾಡಿಗೆ ವಾಹನದಲ್ಲಿ ಸಾಗಿಸುವುದು, ಮಿತಿ ಮೀರಿದ ಖರ್ಚು, ಸರ್ಕಾರಿ ನೌಕರರ ನೆರವು, ಮತಗಟ್ಟೆ ವಶ: 123ನೇ ಕಲಂ ಇವನ್ನೆಲ್ಲ ಭ್ರಷ್ಟ ಆಚರಣೆ ಎನ್ನುತ್ತದೆ. ಸಾಬೀತಾದರೆ ಗೆದ್ದವರ ಸ್ಥಾನ ಹೋಗುವುದಷ್ಟೇ ಅಲ್ಲ, ಆರು ವರ್ಷದವರೆಗೆ ಚುನಾವಣೆಗೆ ನಿಲ್ಲದಂತೆ ಅನರ್ಹತೆಯೂ ಬರಬಹುದು. ಶಿಕ್ಷೆ ಇಷ್ಟು ಭಾರವಾದ್ದರಿಂದ ಕೋರ್ಟ್ ಪುರಾವೆಯನ್ನೂ ಕ್ರಿಮಿನಲ್ ಕೇಸಿನ ತೂಕದಲ್ಲೇ ನೋಡುತ್ತದೆ. ಅನುಮಾನ ಉಳಿದರೆ ಅದರ ಲಾಭ ಗೆದ್ದವರಿಗೆ.

ಅರ್ಜಿಯಲ್ಲಿ “ಎದುರಾಳಿ ಕ್ಷೇತ್ರದಾದ್ಯಂತ ಹಣ ಹಂಚಿದ್ದಾರೆ” ಎಂದು ಬರೆದರೆ ಆ ಸಾಲಿಗೆ ಬೆಲೆಯಿಲ್ಲ. ಯಾರು ಹಂಚಿದರು, ಯಾರಿಗೆ, ಯಾವ ತಾರೀಖು, ಎಷ್ಟು ಗಂಟೆ, ಯಾವ ತಾಂಡಾ, ಯಾರ ಮನೆ ಮುಂದೆ, ತಲೆಗೆ ಎಷ್ಟು ಎಲ್ಲವೂ ಬೇಕು. ಆಮೇಲೆ ಎಲ್ಲಕ್ಕಿಂತ ಗಟ್ಟಿ ಪ್ರಶ್ನೆ: ಹಂಚಿದವನಿಗೂ ಅಭ್ಯರ್ಥಿಗೂ ಏನು ಸಂಬಂಧ, ಅಭ್ಯರ್ಥಿಯ ಒಪ್ಪಿಗೆ ಇತ್ತು ಎನ್ನಲು ಏನು ಆಧಾರ? ಪಕ್ಷದ ಶಾಲು ಹೊದ್ದಿದ್ದ ಎನ್ನುವುದು ಆಧಾರವಲ್ಲ. ಇಂಥ ಆರೋಪ ಇರುವ ಅರ್ಜಿಗೆ ನಮೂನೆ 25ರಲ್ಲಿ ಪ್ರತ್ಯೇಕ ಅಫಿಡವಿಟ್ ಬೇಕು. ಸ್ವಂತ ಕಣ್ಣಿನಿಂದ ಕಂಡದ್ದು ಯಾವುದು, ಬೇರೆಯವರಿಂದ ತಿಳಿದದ್ದು ಯಾವುದು ಎಂದು ಅದರಲ್ಲಿ ಬಿಡಿಬಿಡಿಯಾಗಿ ಹೇಳಬೇಕು. ಅರ್ಜಿ ಸಾಮಾನ್ಯವಾಗಿ ಇಂಗ್ಲಿಷ್‌ನಲ್ಲಿ ತಯಾರಾಗುತ್ತದೆ. ಇಂಗ್ಲಿಷ್ ಬಾರದಿದ್ದರೆ ಕನ್ನಡದಲ್ಲೋ ಉರ್ದುವಿನಲ್ಲೋ ಪೂರ್ತಿ ಓದಿ ಹೇಳಿಸಿಕೊಂಡೇ ಸಹಿ ಹಾಕಿ. ಪಾಟಿ ಸವಾಲಿಗೆ ನಿಂತಾಗ ನಿಮ್ಮ ಅರ್ಜಿಯ ಸಾಲು ನಿಮಗೇ ಗೊತ್ತಿಲ್ಲದಿದ್ದರೆ ಅಲ್ಲಿಗೆ ಕಥೆ ಮುಗಿಯಿತು.

ವಿವರ ಗಟ್ಟಿಯಾಗಿದ್ದರೆ ಫಲ ಸಿಕ್ಕ ಉದಾಹರಣೆಯೂ ನಮ್ಮ ರಾಜ್ಯದಲ್ಲಿದೆ. 2018ರಲ್ಲಿ ತುಮಕೂರು ಗ್ರಾಮಾಂತರದಿಂದ ಗೆದ್ದ ಡಿ.ಸಿ. ಗೌರಿಶಂಕರ್ ಅವರ ಆಯ್ಕೆಯನ್ನು ವಿಮಾ ಬಾಂಡ್ ಹಂಚಿ ಮತದಾರರಿಗೆ ಆಮಿಷ ಒಡ್ಡಿದ ಆರೋಪದ ಮೇಲೆ ಹೈಕೋರ್ಟ್ ರದ್ದು ಮಾಡಿತು. ಅಲ್ಲಿ ಕಾಗದದ ಬಾಂಡ್‌ಗಳೇ ಕೈಯಲ್ಲಿದ್ದವು, ಊರಿನ ಮಾತಲ್ಲ.

“ಬರೀ 200 ವೋಟಿನಿಂದ ಸೋತೇವ್ರಿ. ಮರು ಎಣಿಕೆ ಮಾಡಿಸ್ತಾರಲ್ಲ?”

ಅಂತರ ಕಡಿಮೆ ಎನ್ನುವುದೊಂದೇ ಕಾರಣಕ್ಕೆ ಕೋರ್ಟ್ ಮರು ಎಣಿಕೆಗೆ ಹೇಳುವುದಿಲ್ಲ. ಸಣ್ಣ ಅಂತರ ಹೊಸದೇನಲ್ಲ: 2004ರಲ್ಲಿ ಸಂತೇಮರಹಳ್ಳಿಯಲ್ಲಿ ಆರ್. ಧ್ರುವನಾರಾಯಣ ಒಂದೇ ಮತದಿಂದ ಗೆದ್ದರು. 2023ರಲ್ಲಿ ಬೆಂಗಳೂರಿನ ಜಯನಗರದಲ್ಲಿ ಅಂತರ 16 ಮತ. ನಮ್ಮ ಪಕ್ಕದ ಮಸ್ಕಿಯಲ್ಲಿ 2018ರಲ್ಲಿ 213 ಮತ. ಮತದ ಗುಟ್ಟು ಕಾಪಾಡುವುದು ಕಾನೂನಿಗೆ ದೊಡ್ಡ ವಿಷಯ. ಪೆಟ್ಟಿಗೆ ತೆರೆದರೆ ಏನಾದರೂ ಸಿಕ್ಕೀತು ಎನ್ನುವ ಆಸೆಗೆ ತೆರೆಯುವುದಿಲ್ಲ ಎಂದು 1964ರಿಂದಲೂ ಸುಪ್ರೀಂ ಕೋರ್ಟ್ ಹೇಳುತ್ತಲೇ ಬಂದಿದೆ. ಮರು ಎಣಿಕೆಯಲ್ಲಿ ಸಿಕ್ಕ ತಪ್ಪನ್ನು ತೋರಿಸಿ ಮರು ಎಣಿಕೆ ಮಾಡಿಸಿದ್ದೇ ಸರಿ ಎನ್ನಲಾಗದು. ಮರು ಎಣಿಕೆಗೆ ಮುಂಚೆಯೇ ಆಧಾರ ಇರಬೇಕು.

ಹಾಗಾದರೆ ಯಾವಾಗ ಹೇಳುತ್ತದೆ? ಇಂಥ ಸುತ್ತಿನಲ್ಲಿ, ಇಂಥ ಟೇಬಲ್‌ನಲ್ಲಿ, ಇಂಥ ಮತಗಟ್ಟೆಯ ಲೆಕ್ಕದಲ್ಲಿ ಇಷ್ಟು ವ್ಯತ್ಯಾಸ ಎಂದು ದಾಖಲೆ ಸಮೇತ ತೋರಿಸಿದಾಗ. ಅಂದೇ ಎಣಿಕೆ ಕೇಂದ್ರದಲ್ಲಿ ಆಕ್ಷೇಪಿಸಿದ್ದಾಗ. ಮಾಲೂರಿನಲ್ಲಿ 2023ರ ಅಂತರ 248 ಮತ. 2025ರ ಸೆಪ್ಟೆಂಬರ್‌ನಲ್ಲಿ ಹೈಕೋರ್ಟ್ ಆ ಆಯ್ಕೆಯನ್ನು ರದ್ದು ಮಾಡಿ ಮರು ಎಣಿಕೆಗೆ ಆದೇಶಿಸಿತು. ವಿಷಯ ಅಲ್ಲಿಂದ ಸುಪ್ರೀಂ ಕೋರ್ಟ್‌ಗೆ ಹೋಯಿತು.

“ಎಣಿಕೆ ದಿನ ನಮ್ಮ ಏಜೆಂಟ್ ಏನು ಮಾಡಬೇಕಿತ್ತು?”

ಈ ಪ್ರಶ್ನೆ ಎಲ್ಲರೂ ಸೋತ ಮೇಲೆ ಕೇಳುತ್ತಾರೆ. ಮುಂದಿನ ಸಲಕ್ಕಾದರೂ ಇರಲಿ.

ಮತದಾನ ಮುಗಿದಾಗ ಮತಗಟ್ಟೆ ಅಧಿಕಾರಿ ನಮೂನೆ 17ಸಿ ಭರ್ತಿ ಮಾಡುತ್ತಾರೆ. ಆ ಮತಗಟ್ಟೆಯಲ್ಲಿ ಒಟ್ಟು ಎಷ್ಟು ಮತ ಬಿತ್ತು ಎನ್ನುವ ಲೆಕ್ಕ ಅದರಲ್ಲಿದೆ. ಹಾಜರಿರುವ ಏಜೆಂಟರಿಗೆ ಅದರ ನಕಲು ಕೊಡಬೇಕೆಂದು ನಿಯಮವೇ ಇದೆ. ನಮ್ಮ ಕಡೆ ಎಷ್ಟೋ ಏಜೆಂಟರು ಸಂಜೆ ಐದಕ್ಕೇ ಎದ್ದು ಚಹಾಕ್ಕೆ ಹೋಗಿರುತ್ತಾರೆ. ಆ ಹಾಳೆ ಕೈಯಲ್ಲಿದ್ದರೆ ಎಣಿಕೆ ದಿನ ಯಂತ್ರ ತೋರಿಸಿದ ಒಟ್ಟು ಮೊತ್ತವನ್ನು ಅದರ ಪಕ್ಕ ಇಟ್ಟು ನೋಡಬಹುದು. ವ್ಯತ್ಯಾಸ ಕಂಡರೆ ಆಗಲೇ, ಅಲ್ಲೇ, ಬರವಣಿಗೆಯಲ್ಲಿ ಆಕ್ಷೇಪಣೆ ಕೊಟ್ಟು ಸ್ವೀಕೃತಿ ಪಡೆಯಿರಿ.

ಎಲ್ಲ ಸುತ್ತು ಮುಗಿದು ಮೊತ್ತ ಓದಿದ ಮೇಲೆ, ಫಲಿತಾಂಶ ಘೋಷಿಸುವ ಮುಂಚೆ, ಮರು ಎಣಿಕೆ ಕೇಳುವ ಹಕ್ಕನ್ನು ಚುನಾವಣಾ ನಡವಳಿ ನಿಯಮ 63 ಕೊಡುತ್ತದೆ. ಅರ್ಜಿ ಬರವಣಿಗೆಯಲ್ಲಿರಬೇಕು, ಕಾರಣ ಇರಬೇಕು; ಚುನಾವಣಾಧಿಕಾರಿಯೂ ಬರವಣಿಗೆಯಲ್ಲೇ ಉತ್ತರಿಸಬೇಕು. ವಿವಿಪ್ಯಾಟ್ ಚೀಟಿ (ಹಾಕಿದ ಮತವನ್ನು ಯಂತ್ರ ಮುದ್ರಿಸಿ ತೋರಿಸುವ ಕಾಗದ) ಎಣಿಸಿ ಎಂದು ಕೇಳಲು ನಿಯಮ 56ಡಿ ಇದೆ. ಗದ್ದಲ ಹಾಕಿ ಹೊರಗೆ ಬಂದು ಟಿವಿಯವರ ಮುಂದೆ ಕೂಗಿದ್ದು ಕೋರ್ಟ್‌ನಲ್ಲಿ ದಾಖಲೆಯಾಗದು. ಅರ್ಜಿ ತಿರಸ್ಕರಿಸಿದ ಒಂದು ಹಾಳೆ ಆಗುತ್ತದೆ. ಅಂತಿಮ ಫಲಿತಾಂಶದ ನಮೂನೆ 20ರ ನಕಲನ್ನೂ ಮರೆಯದೆ ತೆಗೆದುಕೊಳ್ಳಿ.

“ಮಷಿನ್‌ದಾಗ ಗೋಲ್‌ಮಾಲ್ ಆಗ್ಯಾದ ಅನಸ್ತದ್ರಿ.”

ಅನಿಸಿಕೆ ಮೇಲೆ ಅರ್ಜಿ ನಿಲ್ಲದು. ಆದರೆ 2024ರ ಏಪ್ರಿಲ್ 26ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಒಂದು ದಾರಿ ಕೊಟ್ಟಿದೆ. ಎಲ್ಲ ವಿವಿಪ್ಯಾಟ್ ಚೀಟಿ ಎಣಿಸಬೇಕೆಂಬ ಬೇಡಿಕೆ ತಳ್ಳಿಹಾಕಿ, ಎರಡನೇ ಮತ್ತು ಮೂರನೇ ಸ್ಥಾನ ಪಡೆದವರು ಫಲಿತಾಂಶ ಬಂದ ಏಳು ದಿನದೊಳಗೆ ಬರೆದುಕೊಟ್ಟರೆ, ಪ್ರತಿ ವಿಧಾನಸಭಾ ಕ್ಷೇತ್ರದ ಶೇ 5ರಷ್ಟು ಯಂತ್ರಗಳ ಮೆಮೊರಿಯನ್ನು ತಯಾರಕ ಕಂಪನಿಯ ಎಂಜಿನಿಯರ್‌ಗಳು ಪರೀಕ್ಷಿಸಬೇಕು ಎಂದಿತು. ಖರ್ಚು ಕೇಳಿದವರದ್ದು, ತಿದ್ದಿದ್ದು ಕಂಡುಬಂದರೆ ವಾಪಸ್. ಗಮನಿಸಿ, ಇದಕ್ಕೆ ಏಳು ದಿನ, ತಕರಾರು ಅರ್ಜಿಗೆ 45 ದಿನ. ಎರಡೂ ಬೇರೆ ಬೇರೆ ಗಡಿಯಾರ.

ಇನ್ನೊಂದು ಗಡಿಯಾರವೂ ಇದೆ. ಮತಗಟ್ಟೆ, ಎಣಿಕೆ ಕೇಂದ್ರದ ಸಿಸಿಟಿವಿ ದೃಶ್ಯಗಳನ್ನು ತಕರಾರು ಅರ್ಜಿ ಇಲ್ಲದಿದ್ದರೆ 45 ದಿನದ ನಂತರ ಅಳಿಸಬಹುದು ಎಂದು ಆಯೋಗ 2025ರ ಮೇನಲ್ಲಿ ಸೂಚಿಸಿದೆ. ಆ ದೃಶ್ಯವೇ ನಿಮ್ಮ ಆಧಾರವಾದರೆ ಅದನ್ನು ಉಳಿಸಿ ಎಂದು ಮೊದಲ ವಾರದಲ್ಲೇ ಬರೆದುಕೊಡಿ.

“ವಾಟ್ಸ್‌ಆ್ಯಪ್‌ನಾಗ ವಿಡಿಯೊ ಅದ. ನಡೀತದಾ?”

ಪ್ರಮಾಣಪತ್ರ ಇದ್ದರೆ ನಡೆಯುತ್ತದೆ. ಮೊದಲು ಇದು ಸಾಕ್ಷ್ಯ ಕಾಯ್ದೆಯ 65ಬಿ ಆಗಿತ್ತು. 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ. ವಿಡಿಯೊ ಯಾವ ಸಾಧನದಲ್ಲಿ ದಾಖಲಾಯಿತು, ನಕಲು ಹೇಗಾಯಿತು ಎಂದು ಸಂಬಂಧಪಟ್ಟವರು ಬರೆದು ಸಹಿ ಮಾಡಬೇಕು.

ಈ ವಿಷಯದ ದೊಡ್ಡ ತೀರ್ಪು ಹುಟ್ಟಿದ್ದೇ ಚುನಾವಣಾ ಅರ್ಜಿಯಿಂದ, ಅದೂ ನಮ್ಮಂತೆಯೇ ಹಿಂದೆ ನಿಜಾಮರ ಆಳ್ವಿಕೆಯಲ್ಲಿದ್ದ ಮರಾಠವಾಡದ ಜಾಲ್ನಾದಿಂದ. 2014ರಲ್ಲಿ ಅಲ್ಲಿ ಅರ್ಜುನ್ ಖೋತ್ಕರ್ 296 ಮತದಿಂದ ಗೆದ್ದರು. ಅವರ ನಾಮಪತ್ರ ಮಧ್ಯಾಹ್ನ ಮೂರರ ಗಡುವು ದಾಟಿದ ಮೇಲೆ ಬಂತು ಎನ್ನುವುದು ಸೋತವರ ವಾದ. ಪುರಾವೆ ಚುನಾವಣಾ ಕಚೇರಿಯ ಕ್ಯಾಮೆರಾ ದೃಶ್ಯವೇ. ಅದರ ಪ್ರಮಾಣಪತ್ರ ಕೊಡಿ ಎಂದು ಅರ್ಜಿದಾರರು ಮತ್ತೆ ಮತ್ತೆ ಬರೆದರೂ ಅಧಿಕಾರಿಗಳು ಕೊಡಲಿಲ್ಲ. 2020ರಲ್ಲಿ ಸುಪ್ರೀಂ ಕೋರ್ಟ್, ಪ್ರಮಾಣಪತ್ರ ಕಡ್ಡಾಯ, ಆದರೆ ಕೇಳಬೇಕಾದ್ದನ್ನೆಲ್ಲ ಕೇಳಿಯೂ ಸಿಗದವರನ್ನು ಅದಕ್ಕಾಗಿ ಶಿಕ್ಷಿಸಲಾಗದು ಎಂದು ಹೇಳಿ, ಆಯ್ಕೆ ರದ್ದಾದದ್ದನ್ನು ಎತ್ತಿಹಿಡಿಯಿತು. ಅರ್ಜಿದಾರರನ್ನು ಉಳಿಸಿದ್ದು ಆ ಮನವಿ ಪತ್ರಗಳು. ನಿಮಗೆ ಯಾರೋ ಕಳಿಸಿ, ಅವರಿಗೆ ಇನ್ಯಾರೋ ಕಳಿಸಿದ ವಿಡಿಯೊ ಆದರೆ ಮೊದಲು ತೆಗೆದವರನ್ನು ಹುಡುಕಿ.

“ಪಟ್ಟಿಯಿಂದ ನಮ್ಮ ಮಂದಿ ಹೆಸರೇ ತೆಗೆದಾರ. ಇದರ ಮ್ಯಾಲೆ ಹಾಕಬಹುದಾ?”

ಆಳಂದದ ಸುದ್ದಿ ಬಂದ ಮೇಲೆ ಈ ಪ್ರಶ್ನೆ ಹೆಚ್ಚಾಗಿದೆ. 2023ರ ಚುನಾವಣೆಗೆ ಮುಂಚೆ ಅಲ್ಲಿ ಹೆಸರು ತೆಗೆಯಲು 6,018 ಅರ್ಜಿ ಬಂದಿದ್ದವು. ಪರಿಶೀಲಿಸಿದಾಗ ಸರಿ ಇದ್ದದ್ದು 24 ಮಾತ್ರ. ಪೊಲೀಸ್ ಕೇಸ್ ಆಯಿತು, ತನಿಖೆ ಸಿಐಡಿಗೆ ಹೋಯಿತು. ಅಲ್ಲಿ ಮತದಾನಕ್ಕೆ ಮುಂಚೆಯೇ ದೂರು ಕೊಟ್ಟಿದ್ದರಿಂದ ವಿಷಯ ಹೊರಬಿತ್ತು ಎನ್ನುವುದನ್ನು ಗಮನಿಸಿ.

ಚುನಾವಣೆ ಮುಗಿದ ಮೇಲೆ ಮತದಾರರ ಪಟ್ಟಿಯ ತಪ್ಪನ್ನೇ ಹಿಡಿದು ಫಲಿತಾಂಶ ರದ್ದು ಮಾಡಿಸುವುದು ಕಷ್ಟ. ಪಟ್ಟಿಗೆ ಬೇರೆ ಕಾಯ್ದೆಯೇ ಇದೆ, 1950ರದ್ದು. ಸೇರಿಸಲು ಫಾರಂ 6, ತೆಗೆಯಲು 7, ತಿದ್ದಲು 8. ಒಪ್ಪಿಗೆಯಾಗದಿದ್ದರೆ ಜಿಲ್ಲಾಧಿಕಾರಿಗೆ, ಅಲ್ಲಿಂದ ಮುಖ್ಯ ಚುನಾವಣಾಧಿಕಾರಿಗೆ ಮೇಲ್ಮನವಿ. ಸತ್ತವರ ಹೆಸರಲ್ಲಿ, ಊರಲ್ಲಿಲ್ಲದವರ ಹೆಸರಲ್ಲಿ ಮತ ಬಿದ್ದಿದೆ ಎನ್ನುವುದು ಬೇರೆ ಮಾತು. ಅದು ಅಸಿಂಧು ಮತದ ವಿಷಯ. ಪಟ್ಟಿಯ ಕ್ರಮಸಂಖ್ಯೆ ಸಮೇತ ಹೆಸರು ಹೆಸರಾಗಿ ತೋರಿಸಿ, ಆ ಸಂಖ್ಯೆ ಅಂತರವನ್ನು ಮೀರಿದರೆ ಮಾತ್ರ ಕೆಲಸಕ್ಕೆ ಬರುತ್ತದೆ.

“ಗೆದ್ದವರ ಜಾತಿ ಸರ್ಟಿಫಿಕೇಟೇ ಸುಳ್ಳು ಅಂತಾರ.”

ಮೀಸಲು ಕ್ಷೇತ್ರದಲ್ಲಿ ಇದು ಗಟ್ಟಿ ಆಧಾರ, ಏಕೆಂದರೆ ಅರ್ಹತೆಯೇ ಬಿದ್ದುಹೋಗುತ್ತದೆ. ಮುಳಬಾಗಿಲಿನಿಂದ 2013ರಲ್ಲಿ ಗೆದ್ದ ಕೊತ್ತೂರು ಮಂಜುನಾಥ್ ಅವರ ಆಯ್ಕೆ ಪರಿಶಿಷ್ಟ ಜಾತಿಯವರಲ್ಲ ಎಂಬ ಕಾರಣಕ್ಕೆ 2018ರಲ್ಲಿ ಹೈಕೋರ್ಟ್‌ನಲ್ಲಿ ಅಸಿಂಧುವಾಯಿತು. ಶಾಲಾ ದಾಖಲೆ, ತಂದೆಯ ಕಡೆಯವರ ದಾಖಲೆಗಳನ್ನು 45 ದಿನದೊಳಗೆ ಕೂಡಿಸಬೇಕಾಗುತ್ತದೆ. ಚಾವಡಿ ಕಟ್ಟೆಯ ಮಾತು ನಂಬಿ ಇಳಿಯಬೇಡಿ.

“ಆಸ್ತಿ, ಕೇಸು ಮುಚ್ಚಿಟ್ಟು ಅಫಿಡವಿಟ್ ಕೊಟ್ರ?”

ಹಾಸನದ ಪ್ರಕರಣದಲ್ಲಿ ಇದೂ ಒಂದು ಮುಖ್ಯ ಅಂಶ. 2023ರ ಸೆಪ್ಟೆಂಬರ್ 1ರಂದು ಹೈಕೋರ್ಟ್ ಪ್ರಜ್ವಲ್ ರೇವಣ್ಣ ಅವರ ಆಯ್ಕೆ ರದ್ದು ಮಾಡಿತು. ಅದೇ ತಿಂಗಳು ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ಕ್ರಿಮಿನಲ್ ಕೇಸು ಮುಚ್ಚಿಡುವುದು ಮತದಾರರ ಮೇಲೆ ಅನುಚಿತ ಪ್ರಭಾವ ಬೀರಿದಂತೆ ಎಂದು ಸುಪ್ರೀಂ ಕೋರ್ಟ್ 2015ರಲ್ಲೇ ಹೇಳಿದೆ. ಹಾಗೆಂದು ಸಣ್ಣಪುಟ್ಟ ಲೋಪವೆಲ್ಲ ಲೆಕ್ಕಕ್ಕೆ ಬರದು. ಅರುಣಾಚಲದ ಕಾರಿಖೊ ಕ್ರಿ ಪ್ರಕರಣದಲ್ಲಿ 2024ರಲ್ಲಿ ಅದೇ ಕೋರ್ಟ್, ಮನೆಯ ಪ್ರತಿಯೊಂದು ಚರ ವಸ್ತುವನ್ನೂ ಬರೆಯಬೇಕಿಲ್ಲ, ಬಿಟ್ಟದ್ದು ಗಣನೀಯವಾಗಿರಬೇಕು ಎಂದಿದೆ.

“ಅವರು ಸೋತ್ರ ನನ್ನನ್ನ ಗೆದ್ದೆ ಅಂತ ಹೇಳ್ತಾರಾ?”

ಕೇಳಿದ್ದರೆ ಮಾತ್ರ, ಸಿಂಧು ಮತಗಳಲ್ಲಿ ನಿಮಗೇ ಹೆಚ್ಚು ಬಿದ್ದಿವೆ ಎಂದು ತೋರಿದರೆ, ಅಥವಾ ಭ್ರಷ್ಟ ಆಚರಣೆಯಿಂದ ಬಂದ ಮತ ಕಳೆದರೆ ನಿಮ್ಮದೇ ಹೆಚ್ಚು ಎಂದಾದರೆ. ಹಾಸನದಲ್ಲಿ ಎ. ಮಂಜು ಅವರ ಈ ಕೋರಿಕೆಯನ್ನು ಹೈಕೋರ್ಟ್ ಒಪ್ಪಲಿಲ್ಲ. ಇದನ್ನು ಕೇಳುವ ಮುಂಚೆ ಇನ್ನೊಂದು ಯೋಚಿಸಿ: ನೀವು ಕೇಳಿದ ಕೂಡಲೇ ಗೆದ್ದವರಿಗೆ 97ನೇ ಕಲಂ ಅಡಿ ನಿಮ್ಮ ಮೇಲೆ ಪ್ರತಿ ಆರೋಪ ಹೊರಿಸುವ ಹಕ್ಕು ಹುಟ್ಟುತ್ತದೆ. ನಿಮ್ಮ ಹಂಚಿಕೆ, ನಿಮ್ಮ ಬಾಡಿಗೆ ಜೀಪುಗಳ ಕಥೆಯೂ ಆಗ ಕೋರ್ಟ್‌ಗೆ ಬರುತ್ತದೆ.

“ಎಷ್ಟು ದಿನದಾಗ ಮುಗೀತದ?”

ಆರು ತಿಂಗಳೊಳಗೆ ಮುಗಿಸಲು ಯತ್ನಿಸಬೇಕು ಎನ್ನುತ್ತದೆ ಕಾಯ್ದೆ. ತುಮಕೂರು ಗ್ರಾಮಾಂತರದ ತೀರ್ಪು ಬಂದದ್ದು 2023ರ ಮಾರ್ಚ್ 30ರಂದು, ಮುಂದಿನ ಚುನಾವಣೆ ಕದ ತಟ್ಟುತ್ತಿದ್ದಾಗ. ಮುಳಬಾಗಿಲಿನದೂ ಹಾಗೆಯೇ, ಐದು ವರ್ಷ ತುಂಬುವ ಹೊತ್ತಿಗೆ. ಅಲ್ಲಿಯವರೆಗೆ ಗೆದ್ದವರು ಶಾಸಕರೇ, ಅವರು ಮಾಡಿದ ಕೆಲಸ ಸಿಂಧುವೇ. ಈ ವಿಳಂಬವೇ ಈ ಕಾನೂನಿನ ದೊಡ್ಡ ಊನ ಎಂದು ನಮ್ಮ ಅಭಿಪ್ರಾಯ. ಆದರೂ ಭ್ರಷ್ಟ ಆಚರಣೆಯ ಆರೋಪ ಇದ್ದರೆ ಅವಧಿ ಮುಗಿದ ಮಾತ್ರಕ್ಕೆ ಅರ್ಜಿ ಸಾಯುವುದಿಲ್ಲ, ಏಕೆಂದರೆ ಅನರ್ಹತೆಯ ಪ್ರಶ್ನೆ ಉಳಿದಿರುತ್ತದೆ.

ತೀರ್ಪು ಒಪ್ಪದವರು 30 ದಿನದೊಳಗೆ ನೇರ ಸುಪ್ರೀಂ ಕೋರ್ಟ್‌ಗೆ ಮೇಲ್ಮನವಿ ಹಾಕಬಹುದು.

“ನಡುವೆ ರಾಜಿ ಆಗಿ ವಾಪಸ್ ತಗೋಬಹುದಾ?”

ಸುಮ್ಮನೆ ಆಗದು. ಇದು ನಿಮ್ಮಿಬ್ಬರ ಹೊಲದ ಬದುವಿನ ಜಗಳವಲ್ಲ, ಇಡೀ ಕ್ಷೇತ್ರದ ವಿಷಯ ಎಂದು ಕಾನೂನು ನೋಡುತ್ತದೆ. ಹೈಕೋರ್ಟ್ ಅನುಮತಿ ಬೇಕು. ಕೊಡು-ಕೊಳ್ಳುವಿಕೆಯ ವಾಸನೆ ಬಂದರೆ ಅನುಮತಿ ಸಿಗದು. ಅನುಮತಿ ಸಿಕ್ಕರೂ ಗೆಜೆಟ್‌ನಲ್ಲಿ ಪ್ರಕಟಣೆಯಾಗಿ, ಅರ್ಜಿ ಹಾಕುವ ಹಕ್ಕಿದ್ದ ಬೇರೆ ಯಾರಾದರೂ 14 ದಿನದೊಳಗೆ ನಿಮ್ಮ ಜಾಗದಲ್ಲಿ ನಿಂತು ಮುಂದುವರಿಸಬಹುದು.

“ಅರ್ಜಿ ಬಾಕಿ ಇದ್ರ ಉಪಚುನಾವಣೆ ನಿಲ್ತದಂತ?”

ಶಾಸಕರು ನಡುವೆ ರಾಜೀನಾಮೆ ಕೊಟ್ಟರೆ, ಅನರ್ಹರಾದರೆ ಹಾಗಾಗುವುದುಂಟು. ಮಸ್ಕಿಯಲ್ಲಿ ಆದದ್ದು ಇದೇ. 2018ರ ಫಲಿತಾಂಶದ ಮೇಲೆ ಬಸನಗೌಡ ತುರ್ವಿಹಾಳ ಅವರ ಅರ್ಜಿ ಬಾಕಿ ಇದ್ದುದರಿಂದ, 2019ರ ಡಿಸೆಂಬರ್‌ನಲ್ಲಿ 15 ಕ್ಷೇತ್ರಗಳ ಉಪಚುನಾವಣೆ ನಡೆದಾಗ ಮಸ್ಕಿ ಮತ್ತು ರಾಜರಾಜೇಶ್ವರಿ ನಗರ ಹೊರಗೆ ಉಳಿದವು. ಮಸ್ಕಿಗೆ ಮತದಾನ ಬಂದದ್ದು 2021ರ ಏಪ್ರಿಲ್ 17ಕ್ಕೆ, ಬಸವಕಲ್ಯಾಣದ ಜೊತೆಗೆ. 2018ರಲ್ಲಿ ಕಡಿಮೆ ಅಂತರದಲ್ಲಿ ಸೋತಿದ್ದ ತುರ್ವಿಹಾಳ ಆಗ 30 ಸಾವಿರಕ್ಕೂ ಹೆಚ್ಚು ಮತಗಳ ಅಂತರದಿಂದ ಗೆದ್ದರು.

“ನಮ್ಮದು ಗ್ರಾಮ ಪಂಚಾಯಿತಿ. ಹೈಕೋರ್ಟಿಗೇ ಹೋಗಬೇಕಾ?”

ಬೇಡ. ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಕಾಯ್ದೆ 1993ರ 15ನೇ ಕಲಂ ಪ್ರಕಾರ ನಿಮ್ಮ ಪಂಚಾಯಿತಿ ವ್ಯಾಪ್ತಿಯ ಸಿವಿಲ್ ನ್ಯಾಯಾಧೀಶರ ಕೋರ್ಟ್‌ನಲ್ಲಿ ಅರ್ಜಿ ಹಾಕಬೇಕು. ಇಲ್ಲಿ ಅವಧಿ 45 ಅಲ್ಲ, 30 ದಿನ. ವಿಧಾನಸಭೆಯ ಲೆಕ್ಕ ತಲೆಯಲ್ಲಿಟ್ಟುಕೊಂಡು ಕೂತು ಅವಕಾಶ ಕಳೆದುಕೊಳ್ಳುವವರು ಇಲ್ಲೇ ಹೆಚ್ಚು. ಅಭ್ಯರ್ಥಿಯೂ ಹಾಕಬಹುದು, ಮತದಾರರೂ ಹಾಕಬಹುದು; ಅರ್ಜಿಯ ಜೊತೆ ಠೇವಣಿ ಕಟ್ಟಬೇಕು.

ಪಂಚಾಯಿತಿಯಲ್ಲಿ ಎರಡು, ಮೂರು ಮತದ ಅಂತರ ಸಾಮಾನ್ಯ. ಜಗಳ ಹೆಚ್ಚಾಗಿ ಬರುವುದು ಮತಪತ್ರದ ಮೇಲಿನ ಸೀಲು ಗೆರೆ ದಾಟಿದೆಯೋ ಇಲ್ಲವೋ, ಮಡಚಿದಾಗ ಮಸಿ ಅತ್ತ ಹತ್ತಿತೋ ಎನ್ನುವುದರ ಮೇಲೆ. ತಿರಸ್ಕೃತ ಮತಪತ್ರ ಎಷ್ಟು, ಯಾವ ಕಾರಣಕ್ಕೆ ಎನ್ನುವುದನ್ನು ಎಣಿಕೆ ಟೇಬಲ್ಲಿನಲ್ಲೇ ಬರೆದಿಟ್ಟುಕೊಂಡ ಏಜೆಂಟ್ ಇದ್ದರೆ ಅರ್ಜಿಗೆ ಜೀವ ಬರುತ್ತದೆ. 2020ರ ಗ್ರಾಮ ಪಂಚಾಯಿತಿ ಚುನಾವಣೆಯಲ್ಲಿ ಬೀದರ್ ಜಿಲ್ಲೆಯಲ್ಲಿ ಮಾತ್ರ ಇವಿಎಂ ಬಳಸಿದ್ದರು. ಬೀದರ್‌ನವರ ಹಳೆಯ ಅರ್ಜಿಯ ನಮೂನೆಯನ್ನು ಆಗಿನ ಕಲಬುರಗಿಯ ಪ್ರಕರಣಕ್ಕೆ ಹೊಂದಿಸಲು ಹೋದರೆ ತಾಳೆಯಾಗದು.

“ಪಾಲಿಕೆ, ಪುರಸಭೆ, ಸೊಸೈಟಿ ಚುನಾವಣೆಗೆ?”

ಕಲಬುರಗಿ ಮಹಾನಗರ ಪಾಲಿಕೆಗೆ 1976ರ ಪಾಲಿಕೆಗಳ ಕಾಯ್ದೆ. ಶಹಾಬಾದ್, ಸುರಪುರ, ಹುಮನಾಬಾದ್ ಥರದ ಊರುಗಳಿಗೆ 1964ರ ಪೌರಸಭೆಗಳ ಕಾಯ್ದೆ. ಸಹಕಾರ ಸಂಘಗಳಿಗೆ 1959ರ ಸಹಕಾರ ಸಂಘಗಳ ಕಾಯ್ದೆಯ 70ನೇ ಕಲಂ. ಪ್ರತಿಯೊಂದಕ್ಕೂ ಕೋರ್ಟ್ ಅಥವಾ ಪ್ರಾಧಿಕಾರ ಬೇರೆ, ಅವಧಿ ಬೇರೆ. ಫಲಿತಾಂಶ ಬಂದ ವಾರದೊಳಗೇ ಸಂಬಂಧಿಸಿದ ಕಾಯ್ದೆಯ ಪುಟ ತೆರೆಸಿ, ಕೊನೆಯ ತಾರೀಖನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಸಿ.